ಚಂಡಮಾರುತಕ್ಕೊಂದು ದರ್ಜೆ

ಚಲನ ಶಕ್ತಿಯ ಪಾಠ ಮುಗಿಯುತ್ತಿದ್ದ ಹೊತ್ತಿಗೆ ನಮ್ಮ ತರಗತಿಯ ಹಿಂದಿನ ಸಾಲಿನಿಂದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: "ಸಾರ್, ಅಮೆರಿಕದ ತೀರಕ್ಕೆ ಐದನೆಯ ದರ್ಜೆಯ ಹರಿಕೇನ್ ಬರುತ್ತಿದೆಯೆಂದು ಪತ್ರಿಕೆಯಲ್ಲಿ ಓದಿದೆ. ಅದು ಒಂದನೆಯ ದರ್ಜೆಯ ಹರಿಕೇನಿಗಿಂತ ಐದು ಪಟ್ಟು ಬಲವಾದುದೆ?" ಪ್ರಶ್ನೆ ಸುಲಭವೆಂದೇ ತೋರಿತು. ಆದರೆ ಉತ್ತರ ಹೇಳಹೊರಟಾಗ ಒಂದಲ್ಲ, ನಾಲ್ಕು ಉತ್ತರಗಳು ನಮ್ಮ ಮುಂದೆ ಬಂದು ನಿಂತವು. ವೇಗವನ್ನು ನೋಡಿದರೆ ಎರಡು ಪಟ್ಟಿಗಿಂತ ತುಸು ಹೆಚ್ಚು. ಗಾಳಿಯ ಒತ್ತಡವನ್ನು ನೋಡಿದರೆ ನಾಲ್ಕೂವರೆ ಪಟ್ಟು. ಕಟ್ಟಡಗಳಿಗೆ ಆಗತಕ್ಕ ಹಾನಿಯನ್ನು ನೋಡಿದರೆ ಇನ್ನೂರು ಪಟ್ಟಿಗೂ ಮೇಲೆ. ಮನುಷ್ಯರ ಪ್ರಾಣಕ್ಕೆ ಒದಗುವ ಅಪಾಯವನ್ನು ನೋಡಿದರೆ, ದರ್ಜೆಯ ಅಂಕವೊಂದರಿಂದಲೇ ಏನನ್ನೂ ಹೇಳಲಾಗದು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅಂದು ಉಳಿದುಹೋದ ಮಾತನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಹೆಸರುಗಳನ್ನು ಕುರಿತು ಒಂದೆರಡು ಮಾತು. ಉಷ್ಣವಲಯದ ಬೆಚ್ಚನೆಯ ಸಮುದ್ರಗಳ ಮೇಲೆ ಹುಟ್ಟಿ, ವಾಯುಭಾರ ತೀರ ಕುಗ್ಗಿದ ಕೇಂದ್ರವೊಂದರ ಸುತ್ತ ಸುತ್ತುತ್ತ ಸಾಗುವ ಮಹಾಮಾರುತಕ್ಕೆ ಅಟ್ಲಾಂಟಿಕ್ ಸಾಗರದಲ್ಲಿಯೂ ಪೆಸಿಫಿಕ್ಕಿನ ಪೂರ್ವಭಾಗದಲ್ಲಿಯೂ ಹರಿಕೇನ್ ಎಂದು ಹೆಸರು. ಪೆಸಿಫಿಕ್ಕಿನ ಪಶ್ಚಿಮದಲ್ಲಿ ಅದೇ ಟೈಫೂನ್. ನಮ್ಮ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳಲ್ಲಿ ಅದೇ ಸೈಕ್ಲೋನ್. ಈ ಕೊನೆಯ ಹೆಸರನ್ನು ಟಂಕಿಸಿದವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. 1848ರಲ್ಲಿ ಅವನು ನಾವಿಕರಿಗಾಗಿ ಬರೆದ ಪುಸ್ತಕದಿಂದ ಅದು ಲೋಕದಲ್ಲೆಲ್ಲ ಹರಡಿತು. ಹೆಸರು ಮೂರಾದರೂ ವಿದ್ಯಮಾನ ಒಂದೇ.

ಆದರೆ ಸುತ್ತುವ ಗಾಳಿಯೆಲ್ಲ ಹರಿಕೇನ್ ಅಲ್ಲ. ಗಾಳಿಯ ವೇಗ 64 ನಾಟ್, ಎಂದರೆ ಗಂಟೆಗೆ 74 ಮೈಲಿ ಅಥವಾ 119 ಕಿಲೋಮೀಟರು ಮುಟ್ಟಿದ ಮೇಲೆಯೇ ಆ ಹೆಸರು ಅದಕ್ಕೆ ಸಲ್ಲುತ್ತದೆ. 60 ಅಲ್ಲ, 70 ಅಲ್ಲ, 64! ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಹುಡುಕುತ್ತ ಹೊರಟರೆ ನಾವು ಹಾಯಿಹಡಗುಗಳ ಕಾಲಕ್ಕೆ ಹೋಗಬೇಕಾಗುತ್ತದೆ.

1806ರಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬೋಫರ್ಟನು ತನ್ನ ದಿನಚರಿಯಲ್ಲಿ ಗಾಳಿಗೆ ಅಂಕಗಳನ್ನು ಕೊಡುವ ಪದ್ಧತಿಯೊಂದನ್ನು ಬರೆದಿಟ್ಟನು. ಆಗ ಹಡಗುಗಳಲ್ಲಿ ಗಾಳಿಯ ವೇಗವನ್ನು ಅಳೆಯುವ ಯಂತ್ರವಿರಲಿಲ್ಲ. ಅದಕ್ಕಾಗಿ ಅವನು ಹಡಗನ್ನೇ ಯಂತ್ರವನ್ನಾಗಿ ಮಾಡಿಕೊಂಡನು. ಎಂಥ ಗಾಳಿಗೆ ಯುದ್ಧನೌಕೆಯು ಎಷ್ಟು ಹಾಯಿಗಳನ್ನು ಬಿಚ್ಚಿಕೊಂಡು ಸಾಗಬಲ್ಲುದು ಎಂಬುದೇ ಅವನ ಅಳತೆಗೋಲು. ಯಾವ ಹಾಯಿಯ ಬಟ್ಟೆಯೂ ತಾಳಲಾರದ ಗಾಳಿಗೆ ಅತ್ಯುಚ್ಚ ಅಂಕವಾದ 12 ಸಂದಿತು, ಅದೇ ಹರಿಕೇನ್. 1838ರಲ್ಲಿ ಬ್ರಿಟಿಷ್ ನೌಕಾಪಡೆ ಈ ಪದ್ಧತಿಯನ್ನು ಕಡ್ಡಾಯ ಮಾಡಿತು. ಮುಂದೆ ಹಾಯಿಗಳು ಹೋಗಿ ಉಗಿಯಂತ್ರಗಳು ಬಂದ ಮೇಲೆ ಈ ಅಂಕಗಳನ್ನು ವೇಗಕ್ಕೆ ಮಾರ್ಪಡಿಸುವ ಅಗತ್ಯ ತಲೆದೋರಿತು. ಆ ಕೆಲಸವನ್ನು 1906ರಲ್ಲಿ ಮಾಡಿಕೊಟ್ಟವನು ಜಾರ್ಜ್ ಸಿಂಪ್ಸನ್. ಅದೇ ವರ್ಷ ಅವನು ಭಾರತದ ಹವಾಮಾನ ಇಲಾಖೆಯನ್ನು ಸೇರಿ ಸಿಮ್ಲಾಕ್ಕೆ ಬಂದನೆಂಬುದು ನಮಗೆ ಸ್ವಾರಸ್ಯವಾದ ಸಂಗತಿ. ಅವನ ಸೂತ್ರ ಸರಳವಾದುದು: ಅಂಕವನ್ನು ಅದರ ವರ್ಗಮೂಲದಿಂದ ಗುಣಿಸಿ, ಬಂದುದನ್ನು 0.836ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಮೀಟರು ಎಂದು ವೇಗ ದೊರೆಯುತ್ತದೆ. ಹನ್ನೊಂದೂವರೆಯಿಂದ ಮೇಲಿರುವುದನ್ನು ಹನ್ನೆರಡೆಂದು ಎಣಿಸಿ ಲೆಕ್ಕ ಹಾಕಿದರೆ ಸೆಕೆಂಡಿಗೆ 32.6 ಮೀಟರು ಬರುತ್ತದೆ. ಇದು 63 ನಾಟಿಗಿಂತ ತುಸು ಹೆಚ್ಚು. ಅದರ ಮೇಲಿನ ಪೂರ್ಣಾಂಕ 64. ಹೀಗೆ ಬಟ್ಟೆಯ ಹಾಯಿ ಹರಿಯುವ ಗಾಳಿಯೇ ಇಂದಿಗೂ ಹರಿಕೇನಿನ ಹೊಸ್ತಿಲಾಗಿ ಉಳಿದಿದೆ.

ಬೋಫರ್ಟನ ಏಣಿ ಹನ್ನೆರಡಕ್ಕೆ ನಿಂತುಹೋಗುತ್ತದೆ. ನಾವಿಕನಿಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಹಾಯಿಯೆಲ್ಲ ಹೋದ ಮೇಲೆ ಗಾಳಿ ಎಷ್ಟಿದ್ದರೇನು? ಆದರೆ ದಡದಲ್ಲಿ ಮನೆ ಕಟ್ಟುವವನಿಗೆ ಹನ್ನೆರಡರ ಮೇಲಿನ ಲೆಕ್ಕವೇ ಮುಖ್ಯ. ಈ ಕೊರತೆಯನ್ನು ಕಂಡವನು ಹರ್ಬರ್ಟ್ ಸ್ಯಾಫಿರ್ ಎಂಬ ಫ್ಲಾರಿಡಾದ ಕಟ್ಟಡ ಎಂಜಿನಿಯರು. ಹರಿಕೇನ್ ಬೀಸುವ ಪ್ರದೇಶಗಳಲ್ಲಿ ಕಡಿಮೆ ವೆಚ್ಚದ ಮನೆಗಳನ್ನು ಕಟ್ಟುವುದು ಹೇಗೆಂದು 1969ರಲ್ಲಿ ವಿಶ್ವಸಂಸ್ಥೆಗಾಗಿ ಅಧ್ಯಯನ ನಡೆಸುತ್ತಿದ್ದಾಗ, ಭೂಕಂಪಕ್ಕೆ ರಿಕ್ಟರ್ ಮಾನವಿದ್ದಂತೆ ಹರಿಕೇನಿಗೆ ಯಾವ ಮಾನವೂ ಇಲ್ಲವೆಂಬುದು ಅವನ ಗಮನಕ್ಕೆ ಬಂತು. ಎಂಥ ಗಾಳಿಗೆ ಎಂಥ ಕಟ್ಟಡ ಏನಾಗುತ್ತದೆ ಎಂಬುದನ್ನು ಆಧರಿಸಿ ಅವನು ಐದು ದರ್ಜೆಗಳನ್ನು ಕಲ್ಪಿಸಿದನು. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ನಿರ್ದೇಶಕನಾಗಿದ್ದ ರಾಬರ್ಟ್ ಸಿಂಪ್ಸನ್ನನು (ಇವನಿಗೂ ಮೇಲೆ ಹೇಳಿದ ಸಿಂಪ್ಸನ್ನನಿಗೂ ಹೆಸರೊಂದೇ ನಂಟು) ಆ ದರ್ಜೆಗಳಿಗೆ ವಾಯುಭಾರವನ್ನೂ ಸಮುದ್ರದ ಉಬ್ಬರದ ಎತ್ತರವನ್ನೂ ಜೋಡಿಸಿದನು. ಇದೇ ಸ್ಯಾಫಿರ್-ಸಿಂಪ್ಸನ್ ಮಾನ. ಹುಟ್ಟಿನಿಂದ ಇದು ಮನೆ ಕಟ್ಟುವವನ ಮಾನವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಇಂದು ಬಳಕೆಯಲ್ಲಿರುವ ಎಲ್ಲೆಗಳು ಹೀಗಿವೆ. ಗಂಟೆಗೆ 119ರಿಂದ 153 ಕಿಲೋಮೀಟರುವರೆಗೆ ಒಂದನೆಯ ದರ್ಜೆ. 154ರಿಂದ 177ರವರೆಗೆ ಎರಡನೆಯದು. 178ರಿಂದ 208ರವರೆಗೆ ಮೂರನೆಯದು. 209ರಿಂದ 251ರವರೆಗೆ ನಾಲ್ಕನೆಯದು. 252 ಮತ್ತು ಅದಕ್ಕೆ ಮೇಲ್ಪಟ್ಟುದೆಲ್ಲ ಐದನೆಯದು. ಒಂದನೆಯ ದರ್ಜೆಯಲ್ಲಿ ಮರದ ದೊಡ್ಡ ಕೊಂಬೆಗಳು ಮುರಿಯುತ್ತವೆ, ಮಾಡಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗುತ್ತದೆ. ಮೂರನೆಯದರಲ್ಲಿ ಚೆನ್ನಾಗಿ ಕಟ್ಟಿದ ಮರದ ಚೌಕಟ್ಟಿನ ಮನೆಗಳ ಮಾಡಿನ ಹಲಗೆಗಳೇ ಏಳುತ್ತವೆ. ಐದನೆಯದರಲ್ಲಿ ಅಂಥ ಮನೆಗಳಲ್ಲಿ ಬಹುಪಾಲು ಮಾಡು ಹಾರಿ ಗೋಡೆ ಕುಸಿದು ನೆಲಸಮವಾಗುತ್ತವೆ. ಮೊದಲ ಮೂರು ಮೆಟ್ಟಿಲುಗಳ ನಡುವಣ ಅಂತರ ಎಷ್ಟು ಕಿರಿದೆಂಬುದನ್ನು ಗಮನಿಸಿರಿ. ನಮ್ಮ ಬಸ್ಸೊಂದು ಊರ ದಾರಿಯಲ್ಲಿ ಹಾಕುವ ವೇಗದಷ್ಟು ಹೆಚ್ಚಾದರೆ ಸಾಕು, ಕೊಂಬೆ ಮುರಿಯುವ ಗಾಳಿ ಮಾಡು ಕೀಳುವ ಗಾಳಿಯಾಗುತ್ತದೆ. ಇದು ಹೇಗೆ?

ಇಲ್ಲಿಯೇ ಪದಾರ್ಥವಿಜ್ಞಾನದ ಪಾಠ ಕೆಲಸಕ್ಕೆ ಬರುವುದು. ಗಾಳಿಯನ್ನು ನಾವು ಏನೂ ಇಲ್ಲದುದೆಂದು ಭಾವಿಸುತ್ತೇವೆ. ಆದರೆ ಒಂದು ಘನ ಮೀಟರು ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಸೆಕೆಂಡಿಗೆ 33 ಮೀಟರು ವೇಗದಲ್ಲಿ, ಎಂದರೆ ಹರಿಕೇನಿನ ಹೊಸ್ತಿಲಲ್ಲಿ, ಒಂದು ಚದರ ಮೀಟರು ಗೋಡೆಯ ಕಡೆಗೆ ಪ್ರತಿ ಸೆಕೆಂಡಿಗೂ ಸುಮಾರು 40 ಕಿಲೋಗ್ರಾಂ ಗಾಳಿ ನುಗ್ಗಿ ಬರುತ್ತದೆ. ವೇಗ ಇಮ್ಮಡಿಯಾದರೆ ಎರಡು ಸಂಗತಿಗಳು ಒಟ್ಟಿಗೇ ನಡೆಯುತ್ತವೆ. ಅದೇ ಸೆಕೆಂಡಿನಲ್ಲಿ ಬರುವ ಗಾಳಿಯ ರಾಶಿ ಇಮ್ಮಡಿಯಾಗುತ್ತದೆ. ಆ ರಾಶಿಯ ಪ್ರತಿಯೊಂದು ಕಿಲೋಗ್ರಾಮೂ ಹೊತ್ತು ತರುವ ಸಂವೇಗವೂ ಇಮ್ಮಡಿಯಾಗುತ್ತದೆ. ಎರಡನ್ನೂ ಗುಣಿಸಿದರೆ ಒತ್ತಡ ನಾಲ್ಮಡಿ. ಇದನ್ನೇ ನಾವು 'ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ' ಎಂದು ಹೇಳುವುದು. ತಡೆಗೊಂಡು ನಿಂತ ಗಾಳಿಯ ಒತ್ತಡವನ್ನು ತಿಳಿಯಬೇಕಾದರೆ ವೇಗದ ವರ್ಗವನ್ನು ಸಾಂದ್ರತೆಯ ಅರ್ಧದಿಂದ, ಎಂದರೆ 0.6ರಿಂದ, ಗುಣಿಸಿದರಾಯಿತು.

ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಈ ಒತ್ತಡದ ಪರಿಚಯ ಕಾಲುಗಳಿಂದಲೇ ಆಗಿರುತ್ತದೆ. ಆ ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರೆಂದು ಇಟ್ಟುಕೊಳ್ಳೋಣ. ಹರಿಕೇನಿನ ಹೊಸ್ತಿಲ ವೇಗ ಅದರ ನಾಲ್ಕು ಪಟ್ಟು. ಒತ್ತಡವಾದರೋ ಹದಿನಾರು ಪಟ್ಟು! ಈಗ ಎರಡು ಮೀಟರು ಎತ್ತರ, ಒಂದು ಮೀಟರು ಅಗಲವುಳ್ಳ ಬಾಗಿಲೊಂದನ್ನು ತೆಗೆದುಕೊಳ್ಳಿರಿ. ಒಂದನೆಯ ದರ್ಜೆಯ ಆರಂಭದಲ್ಲಿ ಪ್ರತಿ ಚದರ ಮೀಟರಿನ ಮೇಲೂ ಸುಮಾರು 650 ನ್ಯೂಟನ್ ಬಲ ಬೀಳುತ್ತದೆ. ಬಾಗಿಲಿನ ಮೇಲೆ ಒಟ್ಟು 1,300. ಇದು ಹೆಚ್ಚುಕಡಿಮೆ 130 ಕಿಲೋಗ್ರಾಂ ತೂಕಕ್ಕೆ ಸಮ. ಇಬ್ಬರು ಆಳುಗಳು ಒರಗಿ ನಿಂತಂತೆ. ಐದನೆಯ ದರ್ಜೆಯ ಆರಂಭವಾದ 252 ಕಿಲೋಮೀಟರು ಸೆಕೆಂಡಿಗೆ 70 ಮೀಟರು. 70ರ ವರ್ಗ 4,900, 0.6ರಿಂದ ಗುಣಿಸಿದರೆ 2,940 ನ್ಯೂಟನ್. ಬಾಗಿಲಿನ ಮೇಲೆ 5,880, ಎಂದರೆ ಆರು ಕ್ವಿಂಟಲ್ ಭಾರ. ಅಗುಳಿಗಳೂ ತಿರುಗಣಿಗಳೂ ಇದನ್ನು ಎಷ್ಟು ಹೊತ್ತು ತಾಳಿಯಾವು?

ಮಾಡಿನ ಗತಿ ಇನ್ನೂ ಕೆಟ್ಟದು. ಇಳಿಜಾರಾದ ಮಾಡಿನ ಮೇಲೆ ಗಾಳಿ ರಭಸದಿಂದ ಹಾದುಹೋಗುವಾಗ ಮೇಲಿನ ಒತ್ತಡ ಕುಗ್ಗಿ ಮಾಡು ಮೇಲಕ್ಕೆ ಎಳೆಯಲ್ಪಡುತ್ತದೆ. ಬಾಗಿಲೋ ಕಿಟಕಿಯೋ ಒಡೆದು ಗಾಳಿ ಒಳನುಗ್ಗಿತೆಂದರೆ ಒಳಗಿನಿಂದಲೂ ಅದು ಮಾಡನ್ನು ಎತ್ತಿ ನೂಕುತ್ತದೆ. ಮಾಡು ಹೋದ ಮೇಲೆ ಗೋಡೆಗಳಿಗೆ ಮೇಲಿನ ಆಸರೆ ತಪ್ಪುತ್ತದೆ. ಹಾರಿದ ತಗಡು, ಮುರಿದ ತೊಲೆ ಪಕ್ಕದ ಮನೆಯ ಕಿಟಕಿಯನ್ನು ಒಡೆಯುತ್ತವೆ. ಹೀಗೆ ಒಂದರಿಂದ ಇನ್ನೊಂದು ಹಾನಿ ಹುಟ್ಟುವುದರಿಂದ ಒಟ್ಟು ಹಾನಿಯು ವೇಗದ ವರ್ಗಕ್ಕಿಂತಲೂ ಬೇಗನೆ ಏರುತ್ತದೆ. ದರ್ಜೆ ಒಂದೊಂದೇ ಏರಿದಂತೆ ಹಾನಿ ಸುಮಾರು ನಾಲ್ಮಡಿಯಾಗುತ್ತದೆಂದು ರಾಷ್ಟ್ರೀಯ ಹರಿಕೇನ್ ಕೇಂದ್ರದ ಸ್ಥೂಲ ಅಂದಾಜು. ಒಂದರಿಂದ ಐದಕ್ಕೆ ನಾಲ್ಕು ಮೆಟ್ಟಿಲು. ನಾಲ್ಕನ್ನು ನಾಲ್ಕು ಸಲ ಗುಣಿಸಿದರೆ 256. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಮೂರು ಉತ್ತರಗಳು ಇಲ್ಲಿಗೆ ದೊರೆತವು.

ನಾಲ್ಕನೆಯದಕ್ಕೆ ಹೋಗುವ ಮುನ್ನ, 'ಗಾಳಿಯ ವೇಗ' ಎಂದರೆ ಯಾವ ಗಾಳಿ, ಎಲ್ಲಿಯದು, ಎಷ್ಟು ಹೊತ್ತಿನದು ಎಂಬುದನ್ನು ವಿಚಾರಿಸಬೇಕು. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಅಲೆಅಲೆಯಾಗಿ ಬರುತ್ತದೆ. ಆದುದರಿಂದ ಸರಾಸರಿ ತೆಗೆಯಬೇಕು. ಅಮೆರಿಕದವರು ನೆಲದಿಂದ ಹತ್ತು ಮೀಟರು ಎತ್ತರದಲ್ಲಿ ಒಂದು ನಿಮಿಷದ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ವಿಶ್ವ ಹವಾಮಾನ ಸಂಸ್ಥೆಯ ಕ್ರಮ ಹತ್ತು ನಿಮಿಷದ್ದು. ನಮ್ಮ ಹವಾಮಾನ ಇಲಾಖೆಯದು ಮೂರು ನಿಮಿಷ. ಸರಾಸರಿಯ ಅವಧಿ ಉದ್ದವಾದಷ್ಟೂ ದೊರೆಯುವ ಅಂಕ ಇಳಿಯುತ್ತದೆ. ತೆರೆದ ಸಮುದ್ರದ ಮೇಲೆ ಒಂದು ನಿಮಿಷದ ಅಂಕವನ್ನು 0.93ರಿಂದ ಗುಣಿಸಿದರೆ ಹತ್ತು ನಿಮಿಷದ ಅಂಕ ಬರುತ್ತದೆಂದು ಲೆಕ್ಕ. 252 ಇದ್ದುದು ಸುಮಾರು 234 ಆಗುತ್ತದೆ. ಒಂದೇ ಚಂಡಮಾರುತಕ್ಕೆ ಎರಡು ಪತ್ರಿಕೆಗಳು ಎರಡು ವೇಗಗಳನ್ನು ಅಚ್ಚುಮಾಡಿದರೆ ಯಾವುದೋ ಒಂದು ಸುಳ್ಳೆಂದು ತಿಳಿಯಬೇಕಾಗಿಲ್ಲ. ನಮ್ಮಲ್ಲಿ ದರ್ಜೆಗೆ ಅಂಕವಿಲ್ಲ, ಹೆಸರುಂಟು. 34 ನಾಟಿಗೆ ಚಂಡಮಾರುತ, 48ಕ್ಕೆ ತೀವ್ರ, 64ಕ್ಕೆ ಅತಿ ತೀವ್ರ, 90ಕ್ಕೆ ಅತ್ಯಂತ ತೀವ್ರ. 120 ನಾಟ್ ದಾಟಿದರೆ ಮಹಾ ಚಂಡಮಾರುತ. 1999ರ ಅಕ್ಟೋಬರ್ 29ರಂದು ಒಡಿಶಾವನ್ನು ಹೊಕ್ಕು ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡುದು ಈ ಕೊನೆಯ ವರ್ಗದ್ದು. ಬೋಫರ್ಟನ 64 ಇಲ್ಲಿಯೂ ತಲೆಯೆತ್ತಿರುವುದನ್ನು ವಾಚಕರು ಕಂಡಿರಬಹುದು.

ಅಳತೆಯ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಅತಿ ಬಿರುಸಾದ ಗಾಳಿ ಇರುವುದು ಚಂಡಮಾರುತದ ಕಣ್ಣಿನ ಸುತ್ತಲಿನ ಮೋಡದ ಗೋಡೆಯಲ್ಲಿ, ಬಹು ಕಿರಿದಾದ ಉಂಗುರದಲ್ಲಿ. ಅಲ್ಲಿ ಯಂತ್ರವಿರುವುದು ಅಪರೂಪ. ಇದ್ದರೂ ಗಾಳಿ ಅದನ್ನೇ ಮುರಿದುಹಾಕುವುದುಂಟು. ಅದಕ್ಕಾಗಿ ಅಮೆರಿಕದವರು ಚಂಡಮಾರುತದೊಳಕ್ಕೆ ವಿಮಾನಗಳನ್ನು ಕಳಿಸಿ ಸುಮಾರು ಮೂರು ಕಿಲೋಮೀಟರು ಎತ್ತರದಲ್ಲಿ ವೇಗವನ್ನು ಅಳೆದು, ಕೆಳಗೆ ಎಷ್ಟಿರಬಹುದೆಂದು ಊಹಿಸುತ್ತಿದ್ದರು. 1992ರ ಆಗಸ್ಟ್ 24ರಂದು ದಕ್ಷಿಣ ಫ್ಲಾರಿಡಾವನ್ನು ಹಾಳುಗೆಡವಿದ ಆಂಡ್ರೂ ಹರಿಕೇನಿಗೆ ಹೀಗೆ ಗಂಟೆಗೆ 145 ಮೈಲಿಯೆಂದು ನಿರ್ಣಯಿಸಿ ನಾಲ್ಕನೆಯ ದರ್ಜೆಯನ್ನು ಕೊಟ್ಟರು. ಅನಂತರದ ವರ್ಷಗಳಲ್ಲಿ ಸಣ್ಣ ಕೊಡೆ ಕಟ್ಟಿದ ಅಳತೆಯ ಕೊಳವೆಗಳನ್ನು ವಿಮಾನದಿಂದ ಕಣ್ಣಿನ ಗೋಡೆಯೊಳಕ್ಕೆ ಬೀಳಿಸಿ ನೋಡಲಾಗಿ, ಮೇಲಿನ ವೇಗದ ನೂರಕ್ಕೆ ತೊಂಬತ್ತು ಪಾಲು ಕೆಳಗೂ ಇರುತ್ತದೆಂದು ತಿಳಿದುಬಂತು. ಹಿಂದೆ ಊಹಿಸಿದ್ದುದು ಅದಕ್ಕಿಂತ ಕಡಿಮೆ. ಲೆಕ್ಕವನ್ನು ತಿದ್ದಿದಾಗ ಆಂಡ್ರೂವಿನ ವೇಗ 165 ಮೈಲಿಯಾಯಿತು. 2002ರಲ್ಲಿ, ಬೀಸಿ ಹತ್ತು ವರ್ಷಗಳಾದ ಮೇಲೆ, ಅದಕ್ಕೆ ಐದನೆಯ ದರ್ಜೆಗೆ ಬಡ್ತಿ ದೊರೆಯಿತು! ಆ ಊರಿನವರಿಗೆ ಇದು ಹೊಸ ಸುದ್ದಿಯಾಗಿ ತೋರಿರಲಾರದು.

ಈಗ ನಾಲ್ಕನೆಯ ಉತ್ತರ. 1969ರ ಆಗಸ್ಟ್ 17ರ ರಾತ್ರಿ ಕಮೀಲ್ ಎಂಬ ಐದನೆಯ ದರ್ಜೆಯ ಹರಿಕೇನ್ ಅಮೆರಿಕದ ಮಿಸಿಸಿಪಿ ತೀರವನ್ನು ಹೊಕ್ಕಿತು. ಸಮುದ್ರ ಸುಮಾರು ಏಳೂವರೆ ಮೀಟರು ಉಬ್ಬಿತು. ಅಂದು ನಿಂತು ಉಳಿದ ಮನೆಗಳು ಆ ತೀರದ ಜನರಿಗೆ ಧೈರ್ಯದ ಗುರುತುಗಳಾದವು. 'ಕಮೀಲಿಗೇ ಬೀಳದ ಮನೆ ಇನ್ನಾವುದಕ್ಕೆ ಬಿದ್ದೀತು?' ಎಂಬುದು ಅಲ್ಲಿಯ ಹಿರಿಯರ ಲೆಕ್ಕ. ಮೂವತ್ತಾರು ವರ್ಷಗಳ ಮೇಲೆ, 2005ರ ಆಗಸ್ಟ್ 29ರಂದು, ಕತ್ರೀನಾ ಬಂತು. ಹಿಂದಿನ ದಿನ ಕೊಲ್ಲಿಯ ನಡುವೆ ಅದು ಐದನೆಯ ದರ್ಜೆಯಲ್ಲಿದ್ದರೂ ದಡ ಮುಟ್ಟುವ ವೇಳೆಗೆ ಗಾಳಿ ಕುಂದಿ ಮೂರನೆಯ ದರ್ಜೆಗೆ ಇಳಿದಿತ್ತು. ಐದನ್ನು ಕಂಡವರಿಗೆ ಮೂರು ಯಾವ ಲೆಕ್ಕ? ಅನೇಕರು ಮನೆ ಬಿಟ್ಟು ಹೊರಡಲಿಲ್ಲ. ಅದೇ ತೀರದಲ್ಲಿ, ಪಾಸ್ ಕ್ರಿಶ್ಚಿಯನ್ ಎಂಬ ಊರಿನ ಬಳಿ, ಸಮುದ್ರ ಎಂಟೂವರೆ ಮೀಟರು ಏರಿತು. ಪಕ್ಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ತಡೆಗೋಡೆಗಳು ಒಡೆದು ಊರಿನ ಬಹುಭಾಗ ನೀರಿನಲ್ಲಿ ಮುಳುಗಿತು. ಸತ್ತವರು ಸಾವಿರಕ್ಕೂ ಹೆಚ್ಚು ಮಂದಿ.

ಗಾಳಿ ಕಡಿಮೆಯಾದರೂ ನೀರು ಹೆಚ್ಚಾದುದು ಹೇಗೆ? ವಾಯುಭಾರ ಕುಗ್ಗಿದಾಗ ಸಮುದ್ರ ಉಬ್ಬುತ್ತದೆಂಬುದು ಸುಲಭವಾಗಿ ಹೊಳೆಯುವ ಕಾರಣ. ಲೆಕ್ಕ ಮಾಡಿ ನೋಡೋಣ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಒಂದು ಸೆಂಟಿಮೀಟರು ಏರುತ್ತದೆ. ಸಾಮಾನ್ಯ ವಾಯುಭಾರ 1,013. ಕತ್ರೀನಾದ ಕೇಂದ್ರದಲ್ಲಿದ್ದುದು ಸುಮಾರು 920. ವ್ಯತ್ಯಾಸ 93, ಎಂದರೆ ಒಂದು ಮೀಟರೂ ಇಲ್ಲ. ಉಳಿದ ಏಳೂವರೆ ಮೀಟರನ್ನು ಗಾಳಿಯೇ ನೂಕಿ ತಂದು ರಾಶಿ ಹಾಕಿದುದು. ಹೀಗೆ ರಾಶಿ ಹಾಕುವುದಕ್ಕೆ ಗಾಳಿಯ ವೇಗ ಮಾತ್ರವಲ್ಲ, ಎಷ್ಟು ಅಗಲದ ಸಮುದ್ರದ ಮೇಲೆ ಎಷ್ಟು ಹೊತ್ತು ಅದು ಬೀಸಿತು, ದಡದ ಬಳಿ ನೀರು ಎಷ್ಟು ಆಳ ಎಂಬುವೂ ಸೇರುತ್ತವೆ. ಕಮೀಲ್ ಬಿರುಸಾದುದಾದರೂ ಚಿಕ್ಕ ಮೈಯದು. ಕತ್ರೀನಾದ ಹರಿಕೇನ್ ಗಾಳಿ ಕೇಂದ್ರದಿಂದ ಪೂರ್ವಕ್ಕೆ ಸುಮಾರು 140 ಕಿಲೋಮೀಟರುವರೆಗೂ ಹಬ್ಬಿತ್ತು. ಹಿಂದಿನ ದಿನ ಅದು ಎಬ್ಬಿಸಿದ್ದ ಮಹಾ ಅಲೆಗಳು ಗಾಳಿ ಕುಂದಿದ ಮೇಲೂ ದಡದತ್ತ ಬರುತ್ತಲೇ ಇದ್ದವು. ಮಿಸಿಸಿಪಿಯ ಕಡಲಾದರೋ ಬಹುದೂರ ಆಳವಿಲ್ಲದುದು.

ರಾಬರ್ಟ್ ಸಿಂಪ್ಸನ್ನನು ಜೋಡಿಸಿದ್ದ ಹಳೆಯ ಪಟ್ಟಿಯನ್ನು ಹಿಡಿದು ಕತ್ರೀನಾಕ್ಕೆ ದರ್ಜೆ ಕಟ್ಟಿದರೆ ಸೋಜಿಗವಾಗುತ್ತದೆ. ಗಾಳಿಯ ಪ್ರಕಾರ ಅದು ಮೂರನೆಯದು. ವಾಯುಭಾರ 920ರಿಂದ 944ರವರೆಗೆ ನಾಲ್ಕನೆಯದೆಂದು ಪಟ್ಟಿ ಹೇಳುತ್ತಿದ್ದುದರಿಂದ ಆ ಲೆಕ್ಕಕ್ಕೆ ನಾಲ್ಕನೆಯದು. ಉಬ್ಬರ ಐದೂವರೆ ಮೀಟರು ದಾಟಿದರೆ ಐದನೆಯದು. ಆ ಲೆಕ್ಕಕ್ಕೆ ಐದನೆಯದು. ಒಂದೇ ಚಂಡಮಾರುತ, ಒಂದೇ ಗಳಿಗೆ, ಮೂರು ದರ್ಜೆ! ಇದು ಕತ್ರೀನಾ ಒಂದರದೇ ವಿಶೇಷವಲ್ಲ. 2004ರ ಚಾರ್ಲಿ ನಾಲ್ಕನೆಯ ದರ್ಜೆಯದಾದರೂ ಅದರ ಉಬ್ಬರ ಎರಡೂವರೆ ಮೀಟರನ್ನು ಮೀರಲಿಲ್ಲ. 2008ರ ಐಕ್ ಎರಡನೆಯ ದರ್ಜೆಯದು. ಟೆಕ್ಸಾಸ್ ತೀರದಲ್ಲಿ ಅದು ನಾಲ್ಕೂವರೆಯಿಂದ ಆರು ಮೀಟರು ನೀರನ್ನು ತಂದಿತು. ಕಡೆಗೆ 2010ರಲ್ಲಿ ವಾಯುಭಾರವನ್ನೂ ಉಬ್ಬರವನ್ನೂ ಪಟ್ಟಿಯಿಂದ ತೆಗೆದುಹಾಕಿ, ಗಾಳಿಯ ವೇಗವೊಂದನ್ನೇ ಉಳಿಸಿಕೊಂಡು, ಹೆಸರಿನಲ್ಲಿಯೂ ಇದು 'ಗಾಳಿಯ ಮಾನ'ವೆಂದು ಸೇರಿಸಿದರು. ಸ್ಯಾಫಿರನ ಮಾನ ಮತ್ತೆ ಮನೆ ಕಟ್ಟುವವನ ಮಾನವಾಯಿತು. ಇದು ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ. ಒಂದು ಅಂಕ ಒಂದನ್ನು ಹೇಳಬಲ್ಲುದು. ಮೂರನ್ನು ಹೇಳಹೋದರೆ ಮೂರೂ ಕೆಡುತ್ತವೆ. ಉಬ್ಬರಕ್ಕೆ 2017ರಿಂದ ಅಮೆರಿಕದಲ್ಲಿ ಬೇರೆಯೇ ಎಚ್ಚರಿಕೆಯನ್ನು ಹೊರಡಿಸುತ್ತಾರೆ.

ಆದರೂ ಜನರ ಕಿವಿಗೆ ಬೀಳುವುದು ದರ್ಜೆಯ ಅಂಕವೇ. 1963ರಿಂದ 2012ರವರೆಗೆ ಅಟ್ಲಾಂಟಿಕ್ಕಿನ ಚಂಡಮಾರುತಗಳಿಗೆ ನೇರವಾಗಿ ಬಲಿಯಾದ ಅಮೆರಿಕನ್ನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತುದು ನೀರಿನಿಂದ. ಅರ್ಧದಷ್ಟು ಮಂದಿ ಸಮುದ್ರದ ಉಬ್ಬರವೊಂದರಿಂದಲೇ. ಗಾಳಿಯ ಅಂಕ ಇವರ ವಿಷಯವನ್ನು ಹೇಳುವುದೇ ಇಲ್ಲ. 2018ರ ಸೆಪ್ಟೆಂಬರಿನಲ್ಲಿ ಉತ್ತರ ಕೆರೊಲಿನಾವನ್ನು ಹೊಕ್ಕ ಫ್ಲಾರೆನ್ಸ್ ಬರಿಯ ಒಂದನೆಯ ದರ್ಜೆಯದು. ಮೆಲ್ಲನೆ ಸಾಗಿದುದರಿಂದ ಒಂದೆಡೆ 900 ಮಿಲಿಮೀಟರಿನಷ್ಟು ಮಳೆ ಸುರಿಸಿತು. ನಮ್ಮ ಕರಾವಳಿಯವರಿಗೂ ಇಂಥ ಅನುಭವವುಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಕೇಂದ್ರ ನಮ್ಮ ದಡವನ್ನು ಮುಟ್ಟದೆ ಕಡಲಿನಲ್ಲಿಯೇ ಗುಜರಾತಿನತ್ತ ಸಾಗಿತು. ಆದರೂ ಕರಾವಳಿಯ ಮೂರು ಜಿಲ್ಲೆಗಳಲ್ಲಿ ಕಡಲ್ಕೊರೆತ ಮನೆ, ತೆಂಗು, ರಸ್ತೆಗಳನ್ನು ನುಂಗಿತು.

ಇತ್ತೀಚೆಗೆ ಇನ್ನೊಂದು ಚರ್ಚೆ ಎದ್ದಿದೆ. ಐದನೆಯ ದರ್ಜೆಗೆ ಮೇಲೆಲ್ಲೆ ಇಲ್ಲ. 2015ರ ಅಕ್ಟೋಬರಿನಲ್ಲಿ ಮೆಕ್ಸಿಕೋದ ಪಶ್ಚಿಮದಲ್ಲಿ ಎದ್ದ ಪಟ್ರೀಸಿಯಾ ಹರಿಕೇನಿನ ವೇಗ ಗಂಟೆಗೆ 345 ಕಿಲೋಮೀಟರು ಮುಟ್ಟಿತ್ತು. 252 ಮತ್ತು 345ಕ್ಕೆ ಒಂದೇ ಅಂಕವೇ? ಸಮುದ್ರ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಇಂಥವು ಹೆಚ್ಚಬಹುದಾದುದರಿಂದ 309 ಕಿಲೋಮೀಟರಿಗೆ ಮೇಲ್ಪಟ್ಟುದನ್ನು ಆರನೆಯ ದರ್ಜೆಯೆಂದು ಕರೆಯಬಹುದೆಂಬ ವಿಚಾರವನ್ನು ಮೈಕೆಲ್ ವೇನರ್ ಮತ್ತು ಜೇಮ್ಸ್ ಕಾಸಿನ್ ಎಂಬ ವಿಜ್ಞಾನಿಗಳು 2024ರಲ್ಲಿ ಮುಂದಿಟ್ಟರು. ಇದನ್ನು ಒಪ್ಪದವರ ವಾದವೂ ತಳ್ಳಿಹಾಕುವಂಥದಲ್ಲ: ಐದನೆಯ ದರ್ಜೆಯಲ್ಲಿಯೇ ಮನೆ ನೆಲಸಮವಾದ ಮೇಲೆ ಆರನೆಯದು ಇನ್ನೇನನ್ನು ಕೆಡವಬೇಕು? ಬೋಫರ್ಟನ ನಾವಿಕನೂ ಹನ್ನೆರಡರ ಬಳಿ ಇದೇ ಮಾತನ್ನು ಆಡಿರಬೇಕು. ಪಟ್ರೀಸಿಯಾ ದಡ ಸೇರಿದುದು ಜನವಸತಿ ವಿರಳವಾದ ಎಡೆಯಲ್ಲಿ. ವೇಗದಲ್ಲಿ ಅಗ್ರಸ್ಥಾನ ಪಡೆದ ಹರಿಕೇನ್, ಹಾನಿಯಲ್ಲಿ ಎಷ್ಟೋ ಕೆಳಗಿನ ಸಾಲಿಗೆ ಸೇರಿತು.

ಲೆಕ್ಕದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಆ 345 ಕಿಲೋಮೀಟರಿನ ಗಾಳಿ ನಮ್ಮ ಬಾಗಿಲಿನ ಮೇಲೆ ಎಷ್ಟು ಬಲವನ್ನು ಹಾಕೀತೆಂದು ಮಾಡಿ ನೋಡಬಹುದು. ಮೊದಲು 3.6ರಿಂದ ಭಾಗಿಸಿ ಸೆಕೆಂಡಿನ ಮೀಟರುಗಳಿಗೆ ತಂದುಕೊಳ್ಳಿರಿ. ಉತ್ತರ ಹನ್ನೊಂದು ಸಾವಿರ ನ್ಯೂಟನ್ನಿನ ಆಸುಪಾಸಿನಲ್ಲಿ ಬರಬೇಕು.